ದಿಬ್ಬ ಹತ್ತಿದ ಗೂಡು

ನಾಗಲದಿನ್ನೆ
ಏಪ್ರಿಲ್ 29

ಅಕ್ಕ,

ಜ್ಯೋತಿ ಆರಾಮಾಗಿದ್ದಾಳೆ. ಆರಾಮಿಲ್ಲದವರು ನಾವು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವುದರೊಳಗೆ ನೀನು ಉತ್ತರ ಶುರುಮಾಡಿರುತ್ತೀಯ. ಅದೂ ಅಲ್ಲದೆ ನಿನ್ನ ಹೆಸರು ಕಿವಿಗೆ ಬಿದ್ದ ಕೂಡಲೇ ಅಪ್ಪ ಟವಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಾನೆ, ಊಟದ ನಡುವೆ ಇದ್ದರೂ ಸರಿ. ಆಮೇಲೆ ಅವ್ವ ನನ್ನನ್ನು ಬಯ್ಯುತ್ತಾಳೆ. ಆದ್ದರಿಂದ ಬರೆದು ದಸ್ತಗಿರಿಯ ಕೈಗೆ ಕೊಡುತ್ತಿದ್ದೇನೆ. ವಾರಕ್ಕೆ ಎರಡು ಸಲ ಅವನ ಗಾಡಿ ತರಕಾರಿ ಹೇರಿಕೊಂಡು ಆದೋನಿ ಮಾರ್ಕೆಟ್ಟಿಗೆ ಬರುತ್ತದೆ, ಉತ್ತರವನ್ನು ಅವನಿಗೇ ಕೊಡು.

ರಜೆಗೆ ಮಗಳನ್ನು ಕಳಿಸಿದ್ದೀಯೋ, ಪ್ರಶ್ನೆಪತ್ರಿಕೆ ಕಳಿಸಿದ್ದೀಯೋ ತಿಳಿಯುತ್ತಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಶುರುವಾಗುತ್ತದೆ. ಜಾಲಿಕಾಯಿ ತಿಂದ ಕುರಿಯ ಹಿಕ್ಕೆಯಲ್ಲಿ ಬೀಜ ಇಡಿಯಾಗಿ ಏಕೆ ಇರುತ್ತದೆ? ಇದನ್ನು ಕೇಳುವುದಕ್ಕೆ ಮೊದಲು ಒಂದು ಬುಟ್ಟಿ ಹಿಕ್ಕೆ ತಂದು, ಅವ್ವ ಸಾರಿಸಿದ ಪಡಸಾಲೆಯ ಮೇಲೆ ಒಂದೊಂದಾಗಿ ಒಡೆದು ನೋಡಿದ್ದಳು. ಮರಳಿನಲ್ಲಿ ಆಲಿಕೆಯಂಥ ಕುಣಿ ತೋಡಿಕೊಂಡು ಕೂರುವ ಹುಳವನ್ನು ನನ್ನ ಚಹಾದ ಲೋಟದಲ್ಲಿ ತಂದಿಟ್ಟಿದ್ದಳು. ನಾನು ಕುಡಿಯುವ ಮುಂಚೆ ಕಂಡಿತು ಎಂಬುದು ನನ್ನ ಪುಣ್ಯ.

‘ಅದು ಹಂಗ ಇರ್ತೈತಿ’ ಎಂದು ಹೇಳಿದರೆ ಆಕೆ ನನ್ನ ಮುಖವನ್ನು ಪರೀಕ್ಷೆಯಲ್ಲಿ ಫೇಲಾದವನನ್ನು ನೋಡುವಂತೆ ನೋಡುತ್ತಾಳೆ. ಅದೇ ನಿನ್ನ ನೋಟ. ನನಗೆ ಹೊಲದ ಕೆಲಸವಿದೆ. ಏನು ಮಾಡಲಿ, ಬರೆ.

ನಿನ್ನ ತಮ್ಮ,
ಉದಯ


ಆದೋನಿ
ಮೇ 3

ಉದಯ,

‘ಅದು ಹಾಗೇ’ ಎಂಬುದು ಉತ್ತರವಲ್ಲ. ನಮ್ಮ ಮನೆಯಲ್ಲಿ ಅದು ಬಾಗಿಲು ಹಾಕಿಕೊಳ್ಳುವ ಶಬ್ದ. ಚಿಕ್ಕಂದಿನಿಂದ ನಾನೂ ನೀನೂ ಅದನ್ನು ಕೇಳಿಯೇ ಬೆಳೆದೆವು, ಮಗುವಿಗೂ ಅದನ್ನೇ ಕೇಳಿಸಬೇಡ.

ಒಂದೇ ನಿಯಮ. ಆಕೆ ಏನಾದರೂ ಕೇಳಿದರೆ, ಗೊತ್ತಿದ್ದರೆ ಸುಮ್ಮನಿರು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಹೋಗಿ ನೋಡೋಣ’ ಎನ್ನು. ಅಂದ ಮೇಲೆ ಹೋಗಬೇಕು. ಮೊಬೈಲ್ ತೆಗೆದು ಹುಡುಕಿ ಹೇಳಬೇಡ.

ನಿನಗೆ ಇದು ಹುಚ್ಚು ಅನ್ನಿಸಬಹುದು. ನನ್ನ ತರಗತಿಗೆ ಬಂದು ನೋಡು. ಹೂವಿನ ಚಿತ್ರ ಬರೆದು ಭಾಗಗಳನ್ನು ಗುರುತಿಸು ಎಂದರೆ ಎಲ್ಲರೂ ಗುರುತಿಸುತ್ತಾರೆ. ಹತ್ತಿಯ ಹೂವು ಅರಳಿದ ದಿನ ಯಾವ ಬಣ್ಣ, ಮರುದಿನ ಯಾವ ಬಣ್ಣ ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಇದು ಆದೋನಿ! ಲಾರಿಯಿಂದ ಉದುರಿದ ಹತ್ತಿ ಇಲ್ಲಿ ರಸ್ತೆಯ ಮುಳ್ಳಿಗೆಲ್ಲ ಅಂಟಿಕೊಂಡಿರುತ್ತದೆ. ಪಾಠ ಮಾಡುವ ನನಗೇ ಬೇಸರವಾಗಿ ಹೋಗಿದೆ. ನನ್ನ ಮಗಳಾದರೂ ಕಣ್ಣಿಂದ ನೋಡಲಿ ಎಂದು ಅಲ್ಲಿಗೆ ಕಳಿಸಿದೆ. ನನಗೆ ಟ್ರೈನಿಂಗ್, ನಿನ್ನ ಭಾವನಿಗೆ ಜಿನ್ನಿಂಗ್ ಮಿಲ್ಲಿನ ಶಿಫ್ಟು, ಇಲ್ಲಿದ್ದರೆ ಅವಳಿಗೆ ಟಿವಿಯೇ ಗತಿ.

ಹೊಳೆಯ ಮಡುವಿಗೆ ಇಳಿಸಬೇಡ. ತಲೆಗೆ ಬಟ್ಟೆ, ಕಾಲಿಗೆ ಚಪ್ಪಲಿ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನೆರಳಿನಲ್ಲಿರಬೇಕು.

ಅವಳ ಚೀಲದ ಒಳಜೇಬಿನಲ್ಲಿ ಅಪ್ಪನ ಬಿಪಿ ಮಾತ್ರೆಯ ಪಟ್ಟಿಗಳಿವೆ. ಯಮ್ಮಿಗನೂರಿನಿಂದ ನೀನು ತಂದದ್ದು ಎಂದು ಕೊಡು. ನನ್ನ ಹೆಸರು ಬೇಡ, ಹೇಳಿದರೆ ನುಂಗುವುದಿಲ್ಲ.

ಶಿವಲಕ್ಷ್ಮಿ


ನಾಗಲದಿನ್ನೆ
ಮೇ 11

ಅಕ್ಕ,

ನಿನ್ನ ನಿಯಮದಿಂದ ನನ್ನ ಹತ್ತಿಯ ಬೀಜ ಇನ್ನೂ ಯಮ್ಮಿಗನೂರಿನ ಅಂಗಡಿಯಲ್ಲೇ ಇದೆ. ತರಲು ಹೊರಟ ಪ್ರತಿ ಸಲವೂ ನಿನ್ನ ಮಗಳು ಏನಾದರೂ ಕೇಳಿರುತ್ತಾಳೆ, ನನಗೆ ಗೊತ್ತಿರುವುದಿಲ್ಲ.

ಈಗಿನ ಕಥೆ ಹಕ್ಕಿಯದು. ಯಾವ ಹಕ್ಕಿಯ ಮಾತಿಗೆ ನೀನು ಮೂರು ವರ್ಷದಿಂದ ಈ ಊರಿಗೆ ಕಾಲಿಟ್ಟಿಲ್ಲವೋ ಅದೇ ಹಕ್ಕಿ. ನಿನ್ನ ಪುಸ್ತಕದ ಟಿಟ್ಟಿಭ, ನಮ್ಮೂರಿನ ತೀತುವ. ಹಳ್ಳದ ಪಕ್ಕದ ನಮ್ಮ ತಗ್ಗು ಹೊಲದಲ್ಲಿ, ಬರೀ ನೆಲದ ಮೇಲೆ, ನಾಲ್ಕು ಮೊಟ್ಟೆ ಇಟ್ಟಿದೆ. ಗೂಡು ಎಂದರೆ ನಗುತ್ತೀಯ. ಅಂಗೈಯಷ್ಟು ಕುಣಿ, ಸುತ್ತ ಗರಸಿನ ಸಣ್ಣ ಕಲ್ಲು, ನಡುವೆ ಕುರಿ ಹಿಕ್ಕೆ, ಅಷ್ಟೇ. ನಾನು ಮೊದಲ ಸಲ ಅದರ ಪಕ್ಕವೇ ನಡೆದುಹೋದೆ, ಕಾಣಲಿಲ್ಲ. ಜ್ಯೋತಿ ನನ್ನ ಅಂಗಿ ಹಿಡಿದು ನಿಲ್ಲಿಸಿದಳು. ಮೊಟ್ಟೆಗೂ ಮಣ್ಣಿಗೂ ಒಂದೇ ಬಣ್ಣ.

ಮನೆಯಲ್ಲಿ ಹೇಳಿದ್ದಕ್ಕೆ ಅವ್ವ, ಆ ಹಕ್ಕಿಯ ಹೆಸರು ಎತ್ತಬೇಡಿ, ರಾತ್ರಿ ಅದು ಯಾರ ಮನೆಯ ಮೇಲೆ ಕೂಗುತ್ತದೋ ಅಲ್ಲಿ ಹೆಣ ಏಳುತ್ತದೆ ಎಂದಳು. ಜ್ಯೋತಿ, ‘ಅಜ್ಜಿ, ಅದು ದಿನಾ ಎಲ್ಲರ ಮನಿ ಮ್ಯಾಲ ಕೂಗಿಕೊಂತ ಹೋಗ್ತೈತಿ, ಊರಾಗ ಯಾರೂ ಉಳಿಬಾರದಿತ್ತು’ ಅಂದಳು. ಅವ್ವ ಸೌಟು ತೆಗೆದುಕೊಂಡಳು.

ಈಗ ನಾವು ದಿನಾ ಜಾಲಿಗಿಡದ ಕೆಳಗೆ ಕೂತು ಅದನ್ನು ನೋಡುತ್ತೇವೆ. ನನಗೇ ನಂಬಿಕೆಯಾಗುತ್ತಿಲ್ಲ, ಆದರೂ ಬರೆಯುತ್ತೇನೆ. ಬಿಸಿಲು ಏರಿದಾಗ ಕೂತಿದ್ದ ಹಕ್ಕಿ ಎದ್ದು ಹೊಳೆಯ ಕಡೆ ಹಾರಿತು. ಹೆದರಿ ಹೋಯಿತು ಎಂದು ಜ್ಯೋತಿ, ಹಸಿದು ಹೋಯಿತು ಎಂದು ನಾನು. ಇಬ್ಬರದ್ದೂ ತಪ್ಪು. ತಿರುಗಿ ಬಂದಾಗ ಅದರ ಹೊಟ್ಟೆಯ ಪುಕ್ಕವೆಲ್ಲ ತೊಯ್ದಿತ್ತು. ತೊಯ್ದ ಹೊಟ್ಟೆಯನ್ನೇ ಮೊಟ್ಟೆಗಳ ಮೇಲಿಟ್ಟು ಕೂತಿತು. ಅದು ಮತ್ತೆ ಎದ್ದಾಗ ನಾವು ಹೋಗಿ ಮುಟ್ಟಿ ನೋಡಿದೆವು. ಸುತ್ತಲಿನ ನೆಲ ಹೆಂಚಿನ ಹಾಗೆ ಕಾದಿದೆ, ಮೊಟ್ಟೆಗಳು ಮಾತ್ರ ತಂಪು. ಎರಡು ಹಕ್ಕಿ ಪಾಳಿಯ ಮೇಲೆ ಈ ಕೆಲಸ ಮಾಡುತ್ತವೆ, ಭಾವನ ಮಿಲ್ಲಿನ ಶಿಫ್ಟಿನ ಹಾಗೆ. ಹುಟ್ಟಿದಾಗಿನಿಂದ ಈ ಹಕ್ಕಿಯ ಕೂಗು ಕೇಳುತ್ತಿದ್ದೇನೆ. ಇದು ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತಾ?

ಅಪ್ಪ ಇನ್ನೂ ಗೂಡು ನೋಡಿಲ್ಲ. ಗೋನೆಗಂಡ್ಲದ ಅತ್ತೆಯ ಮನೆಗೆ ಹೋಗಿದ್ದಾನೆ, ಹತ್ತಿಪ್ಪತ್ತು ದಿನ ಬರುವುದಿಲ್ಲ. ಬಂದ ಮೇಲೆ ಅವನದು ಇದ್ದೇ ಇದೆ. ತೀತುವ ತಗ್ಗಿನಲ್ಲಿ ಮೊಟ್ಟೆಯಿಟ್ಟರೆ ಮಳೆ ಕಡಿಮೆ, ದಿಬ್ಬದ ಮೇಲಿಟ್ಟರೆ ಹಳ್ಳ ಕೊಳ್ಳ ತುಂಬುವ ಮಳೆ, ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಾನೆ. ಊರು ಕೇಳಿಕೊಂಡು ಬಿತ್ತುತ್ತದೆ.

ನನ್ನ ಕಷ್ಟ ಬೇರೆ. ಆ ತಗ್ಗು ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಕೊಂಡಮ್ಮನಿಗೆ ಮಾತು ಕೊಟ್ಟಿದ್ದೇನೆ. ರಾತ್ರಿ ಮುನ್ನೂರು ಕುರಿ ಬಲೆಯೊಳಗೆ ಮಲಗಿದರೆ ಮೊಟ್ಟೆಯ ಗತಿ ಏನು? ಕುರಿ ಎದ್ದ ಮೇಲೆ ಟ್ರ್ಯಾಕ್ಟರು. ಜ್ಯೋತಿ ಊಟ ಬಿಟ್ಟು ಕೂತಿದ್ದಾಳೆ.

ಉದಯ


ಆದೋನಿ
ಮೇ 14

ಉದಯ,

ನನಗೂ ಗೊತ್ತಿರಲಿಲ್ಲ. ಹೀಗೆ ಬರೆಯಲು ನನಗೆ ಸಿಟ್ಟು ಬರುತ್ತಿದೆ, ಆದರೆ ಗೊತ್ತಿರಲಿಲ್ಲ.

ಕುರಿಯನ್ನು ಬೇರೆ ಹೊಲದಲ್ಲಿ ನಿಲ್ಲಿಸು. ಇಷ್ಟಕ್ಕೆ ಪತ್ರ ಬೇಕೇ? ಕೊಂಡಮ್ಮ ನಿನ್ನನ್ನು ತಿಂದುಹಾಕುವುದಿಲ್ಲ.

ಮೊಟ್ಟೆಯ ವಿಷಯವನ್ನು ಅಪ್ಪನ ಮುಂದೆ ಜ್ಯೋತಿಯ ಬಾಯಿಂದ ಆಡಿಸಬೇಡ. ಅವನಿಗೆ ಅವಳೊಬ್ಬಳಾದರೂ ಉಳಿಯಲಿ.

ಶಿವಲಕ್ಷ್ಮಿ


ನಾಗಲದಿನ್ನೆ
ಮೇ 22

ಅಕ್ಕ,

ಕೊಂಡಮ್ಮ ತಿಂದುಹಾಕುವುದಿಲ್ಲ ಎಂದು ಆದೋನಿಯಲ್ಲಿ ಕೂತು ಬರೆಯುವುದು ಸುಲಭ. ಆಕೆ ಹೊಲದ ಬದುವಿನ ಮೇಲೆ ನಿಂತು, ‘ಏಮಯ್ಯಾ ಉದಯಾ, ಮಾತು ಕೊಟ್ಟ ಮ್ಯಾಲ ನನ್ನ ಕುರಿ ಆಕಾಶದಾಗ ಮಲಗಸ್ಲೇನು? ಗೋನೆಗಂಡ್ಲದ ಮಂದಿ ಕರ್ಯಾಕತ್ತಾರ, ಹೋಗ್ಲೇನು?’ ಎಂದಳು. ಹೋದರೆ ಈ ವರ್ಷ ಮತ್ತೆ ಬರುವುದಿಲ್ಲ. ಉಳಿದ ಹೊಲಗಳಿಗೆಲ್ಲ ಆಗಲೇ ಗೊಬ್ಬರ ಹಾಕಿಸಿದ್ದೇನೆ. ಇನ್ನೊಂದು ವಾರ ಕಾಯಿ, ಅಲ್ಲಿಯವರೆಗೆ ಬೀಳಿನಲ್ಲಿ ನಿಲ್ಲಿಸು ಎಂದು ಕೈಮುಗಿದೆ. ನನ್ನ ಕುರಿಗಿಂತ ಆ ಹಕ್ಕಿಗೆ ಮರ್ಯಾದೆ ಹೆಚ್ಚಾಯಿತು ಎಂದು ಗೊಣಗುತ್ತ ಕುರಿ ಹೊಡೆದುಕೊಂಡು ಹೋದಳು.

ಆ ವಾರದಲ್ಲಿ ನಾವು ಗೂಡನ್ನೇ ಸರಿಸಿದೆವು.

ಇದು ಜ್ಯೋತಿಯ ಪ್ರಶ್ನೆಯಿಂದಲೇ ಆದದ್ದು. ಮೊಟ್ಟೆಯನ್ನು ಹಕ್ಕಿ ಹೇಗೆ ಗುರುತಿಸುತ್ತದೆ, ಮೊಟ್ಟೆ ನೋಡಿಯೋ ಜಾಗ ನೋಡಿಯೋ ಎಂದು ಕೇಳಿದಳು. ಗೊತ್ತಿಲ್ಲ, ನೋಡೋಣ ಎಂದೆ, ನಿನ್ನ ನಿಯಮದಂತೆ. ಮೊದಲು ಒಂದು ಗೇಣು ಆಚೆ ಅಂಥದೇ ಕುಣಿ ತೋಡಿ, ಅದೇ ಗರಸು ಅದೇ ಹಿಕ್ಕೆ ಹಾಕಿ, ಮೊಟ್ಟೆ ಇಟ್ಟು ಓಡಿಬಂದು ಜಾಲಿಯ ಕೆಳಗೆ ಕೂತೆವು. ಹಕ್ಕಿ ತಲೆಯ ಮೇಲೆ ಕಿರುಚುತ್ತ ಸುತ್ತಿತು, ಇಳಿಯಿತು, ಹಳೆಯ ಕುಣಿಯಲ್ಲಿ ನಿಂತು ಆಚೀಚೆ ನೋಡಿತು. ಜ್ಯೋತಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಇನ್ನೂ ಇದೆ. ಕೊನೆಗೆ ನಾಲ್ಕು ಹೆಜ್ಜೆ ನಡೆದು ಹೊಸ ಕುಣಿಯಲ್ಲಿ ಕೂತಿತು.

ಆಮೇಲೆ ಒಂದು ಮೊಳ. ಆಮೇಲೆ ಒಂದು ಮಾರು. ಒಂದು ಸಲ ಆಸೆಬಿದ್ದು ನಾಲ್ಕು ಮಾರು ಸರಿಸಿದಾಗ ಹಕ್ಕಿ ಬರಲೇ ಇಲ್ಲ. ಬಿಸಿಲಿಗೆ ಮೊಟ್ಟೆ ಬೆಂದುಹೋಗುತ್ತವೆ ಎಂದು ಜ್ಯೋತಿ ಅಳತೊಡಗಿದಳು, ಅರ್ಧ ದಾರಿ ಹಿಂದಕ್ಕೆ ಇಟ್ಟೆವು, ಬಂತು. ಸ್ವಲ್ಪ ಸ್ವಲ್ಪವಾಗಿ ಸರಿಸಿದರೆ ಹಕ್ಕಿ ಒಪ್ಪುತ್ತದೆ, ಒಮ್ಮೆಲೇ ಸರಿಸಿದರೆ ಇಲ್ಲ. ಇದನ್ನು ಯಾರೂ ನಮಗೆ ಹೇಳಿಕೊಟ್ಟದ್ದಲ್ಲ, ನಾವೇ ಕಂಡುಹಿಡಿದದ್ದು. ಬೇಕಾದರೆ ನಿನ್ನ ತರಗತಿಯಲ್ಲಿ ಹೇಳು.

ನಿನ್ನೆ ಗೂಡು ಹೊಲದ ಮೂಲೆಯ ಕಲ್ಲು ದಿಬ್ಬದ ಮೇಲೆ ಸೇರಿತು. ಅಲ್ಲಿ ಕುರಿಯೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ಇವತ್ತು ಕೊಂಡಮ್ಮನ ಕುರಿ ತಗ್ಗಿನಲ್ಲಿ ಮಲಗುತ್ತವೆ. ಅಪ್ಪ ಸಂಜೆಯ ಬಸ್ಸಿಗೆ ಬರುತ್ತಾನೆ. ಮಾತ್ರೆ ನುಂಗುತ್ತಿದ್ದಾನೆ, ಹೋಗುವಾಗ ಪಟ್ಟಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದ.

ಈ ಒಂದು ಸಲ ನೀನು ಬಯ್ಯಲು ಏನೂ ಇಲ್ಲ ಎಂದುಕೊಂಡಿದ್ದೇನೆ.

ಉದಯ


ನಾಗಲದಿನ್ನೆ
ಮೇ 26

ಅಕ್ಕ,

ಬಯ್ಯಲು ಇದೆ.

ಅಪ್ಪ ಬಂದ ಮರುದಿನ ಹೊಲಕ್ಕೆ ಹೋದ. ದಿಬ್ಬದ ಮೇಲೆ ತೀತುವ ಕೂತಿದ್ದನ್ನು ನೋಡಿದ. ಮನೆಗೂ ಬರಲಿಲ್ಲ, ಅಲ್ಲಿಂದ ನೇರ ಕಟ್ಟೆಗೆ ಹೋಗಿ, ‘ಈ ಭೀಮಲಿಂಗಪ್ಪ ಹೇಳ್ಯಾನ ಅಂತ ಬರದಿಟ್ಟುಕೊಳ್ರಿ. ಮೊಟ್ಟಿ ದಿಬ್ಬದ ತುದಿಗೈತಿ. ನಾನು ಹುಟ್ಟಿದಾಗಿಂದ ಅಷ್ಟು ಮ್ಯಾಲ ಇಟ್ಟಿದ್ದು ನೋಡಿಲ್ಲ. ಈ ಸಲ ಮಳಿ ಲಗೂನ ಬರತೈತಿ, ಜೋರು ಬರತೈತಿ’ ಎಂದನಂತೆ.

ನನ್ನ ತಲೆಯಲ್ಲಿ ಕುರಿ ಇದ್ದವು, ಮಳೆ ಇರಲಿಲ್ಲ. ಗೂಡನ್ನು ದಿಬ್ಬಕ್ಕೆ ಒಯ್ದರೆ ಅಪ್ಪ ಅದನ್ನು ಏನೆಂದು ಓದುತ್ತಾನೆ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಎಷ್ಟು ಮೇಲಕ್ಕೆ ಹೋದರೆ ಅಷ್ಟು ಒಳ್ಳೆಯದು ಎಂದು ದಿಬ್ಬದ ನೆತ್ತಿಗೇ ಏರಿಸಿದವರು ನಾವು.

ಅದನ್ನು ಕೇಳಿದ ಹನುಮಣ್ಣ ಈಗ ಒಣ ಮಣ್ಣಿನಲ್ಲೇ ಹತ್ತಿ ಊರುತ್ತೇನೆ ಎನ್ನುತ್ತಿದ್ದಾನೆ. ಮಳೆ ಮುಂಚೆ ಬರುವುದಾದರೆ ಬೀಜ ನೆಲದಲ್ಲಿದ್ದವನೇ ಗೆದ್ದ ಎಂಬುದು ಅವನ ಮಾತು. ಮಳೆ ಬರದಿದ್ದರೆ ಬೀಜ ಇರುವೆಯ ಪಾಲು. ಅವನ ಎಡಬಲದ ಹೊಲದವರೂ ಹಗ್ಗ ಹಿಡಿದು ಸಾಲು ಗುರುತು ಹಾಕುತ್ತಿದ್ದಾರೆ. ಐದಾರು ದಿನದಲ್ಲಿ ಊರುತ್ತಾರೆ.

ಅಪ್ಪನಿಗೆ ಹೇಳಲು ಎರಡು ಸಲ ಬಾಯಿ ತೆಗೆದೆ. ಒಂದು ಸಲ ಆತ ಜ್ಯೋತಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹಕ್ಕಿ ತೋರಿಸುತ್ತಿದ್ದ. ಇನ್ನೊಂದು ಸಲ ಊರವರ ನಡುವೆ ಇದ್ದ. ಜ್ಯೋತಿಗೂ ಎಲ್ಲ ತಿಳಿದುಹೋಗಿದೆ. ಎರಡು ದಿನದಿಂದ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಕೇಳದಿದ್ದರೆ ಸಾಕು ಎಂದು ದೇವರಿಗೆ ಹೇಳಿಕೊಂಡಿದ್ದೆ, ಈಗ ಅದನ್ನೂ ತಾಳಲು ಆಗುತ್ತಿಲ್ಲ.

ಹೋಗಿ ನೋಡೋಣ, ಹೋಗಿ ನೋಡೋಣ ಎಂದು ನೀನೇ ಬರೆದೆ. ನೋಡಿದ್ದಾಯಿತು. ಮುಂದೇನು?

ಉದಯ


ಆದೋನಿ
ಮೇ 28

ಉದಯ,

ನೋಡು ಎಂದೆ, ಮುಟ್ಟು ಎಂದಿರಲಿಲ್ಲ. ಕುರಿ ಬೇರೆ ಕಡೆ ನಿಲ್ಲಿಸು ಎಂದು ಬರೆದಿದ್ದೆ. ಇರಲಿ, ಈಗ ಅದನ್ನು ಹೇಳಿ ಫಲವಿಲ್ಲ.

ಮೂರು ವರ್ಷದ ಹಿಂದೆ ನಡೆದದ್ದು ನಿನಗೆ ನೆನಪಿದೆ. ಅದೇ ಕಟ್ಟೆ, ಅದೇ ಜನ. ಹಕ್ಕಿಗೆ ಹವಾಮಾನ ಇಲಾಖೆಯಲ್ಲಿ ನೌಕರಿ ಇಲ್ಲ ಅಪ್ಪ ಎಂದೆ. ಜನ ನಕ್ಕರು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ನಗೆ ಎಷ್ಟು ಹೊತ್ತು ನಡೆಯಿತು ಎಂಬುದು ನನಗೆ ಇವತ್ತೂ ಕೇಳಿಸುತ್ತದೆ. ಆವತ್ತು ಟವಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದವನು ಇನ್ನೂ ತಿರುಗಿ ಬಂದಿಲ್ಲ.

ಹನುಮಣ್ಣ ಬೀಜ ಊರುವ ಮುಂಚೆ ಹೇಳಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಹೀಗೆ ಹೇಳು: ಇದು ಶಿವಲಕ್ಷ್ಮಿ ಮಾಡಿಸಿದ್ದು, ಅಪ್ಪನ ಮಾತು ಸುಳ್ಳು ಎಂದು ತೋರಿಸಲು ಪತ್ರ ಬರೆದು ಗೂಡು ಸರಿಸಲು ಹೇಳಿಕೊಟ್ಟಳು, ನಾನು ಬುದ್ಧಿಯಿಲ್ಲದೆ ಸರಿಸಿದೆ. ಆತ ಸುಲಭವಾಗಿ ನಂಬುತ್ತಾನೆ. ನನ್ನ ಜೊತೆ ಮಾತು ಬಿಟ್ಟಾಗಿದೆ, ಇನ್ನು ಬಿಡಲು ಏನೂ ಉಳಿದಿಲ್ಲ. ಜ್ಯೋತಿಯ ಹೆಸರು ಎತ್ತಬೇಡ. ಆತ ಹೆಗಲ ಮೇಲೆ ಕೂರಿಸಿಕೊಳ್ಳುವುದು ಈಗ ಅವಳೊಬ್ಬಳನ್ನೇ.

ಇದನ್ನು ಓದಿದ ಕೂಡಲೇ ಹೋಗಿ ಹೇಳು. ಆತ ಒಬ್ಬನೇ ಸಿಗುವವರೆಗೆ ಕಾಯಬೇಡ.

ಶಿವಲಕ್ಷ್ಮಿ


ನಾಗಲದಿನ್ನೆ
ಜೂನ್ 1

ಅಕ್ಕ,

ನಿನ್ನ ಪತ್ರ ಬರುವಷ್ಟರಲ್ಲಿ ಮುಗಿದಿತ್ತು. ದಸ್ತಗಿರಿಯ ಗಾಡಿ ಕೆಟ್ಟು ಯಮ್ಮಿಗನೂರಿನಲ್ಲಿ ನಿಂತಿತ್ತಂತೆ, ಒಂದು ದಿನ ತಡವಾಗಿ ತಂದ. ನೀನು ಹೇಳಿಕೊಟ್ಟ ಸುಳ್ಳನ್ನು ಹೇಳುವ ಕಷ್ಟ ನನಗೆ ತಪ್ಪಿತು.

ಜ್ಯೋತಿಯೇ ಹೇಳಿದಳು. ಅಪ್ಪ ಅಂಗಳದಲ್ಲಿ ಕೂತು ನೇಗಿಲ ಹಗ್ಗ ಹೊಸೆಯುತ್ತಿದ್ದ. ಹೋಗಿ ಎದುರು ನಿಂತು, ‘ತಾತ, ಆ ಗೂಡು ತಾನಾಗಿ ದಿಬ್ಬಕ್ಕ ಬಂದಿದ್ದಲ್ಲ. ತಗ್ಗಿನಾಗಿತ್ತು. ನಾವು ಸರಿಸಿದ್ವಿ’ ಎಂದಳು. ನಾನು ಒಳಗಿನಿಂದ ಓಡಿಬಂದೆ. ಅಪ್ಪ ಹಗ್ಗ ಬಿಡಲಿಲ್ಲ.

‘ಯಾರು ಹೇಳಿಕೊಟ್ರು? ನಿಮ್ಮವ್ವೇನು?’

ಮೂರು ವರ್ಷದಲ್ಲಿ ಆತ ನಿನ್ನನ್ನು ಬಾಯಿಗೆ ತಂದದ್ದು ಇದೇ ಮೊದಲು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

‘ಅವ್ವ ಕುರಿ ಬ್ಯಾರೆ ಕಡಿ ನಿಲ್ಲಿಸ್ರಿ ಅಂದಿದ್ಲು. ಮಾವಗ ಕೊಂಡಮ್ಮನ ಅಂಜಿಕಿ’ ಎಂದಳು ನಿನ್ನ ಮಗಳು. ನನ್ನನ್ನು ಉಳಿಸುವ ಯೋಚನೆ ಅವಳಿಗೆ ಬರಲಿಲ್ಲ.

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು, ಗೇಣು, ಮೊಳ, ಮಾರು, ತೊಯ್ದ ಹೊಟ್ಟೆ, ಎಲ್ಲ. ಅಪ್ಪ ಕೇಳಿದ. ಟವಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಎದ್ದ. ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಅಂಗಳ ದಾಟಿದವನು ನಿಂತು, ಹಿಂದೆ ನೋಡದೆ ಕೈ ಚಾಚಿದ. ಜ್ಯೋತಿ ಓಡಿಹೋಗಿ ಕೈ ಹಿಡಿದುಕೊಂಡಳು. ನಾನು ದೂರದಿಂದ ಹಿಂದೆ ಹೋದೆ.

ಕಟ್ಟೆಯ ಮೇಲೆ ಹನುಮಣ್ಣ ಇದ್ದ, ಜಂಬಪ್ಪ ಇದ್ದ, ಇನ್ನೂ ನಾಲ್ಕು ಜನ. ಅಪ್ಪ ಕೂರಲಿಲ್ಲ. ‘ಹನುಮಣ್ಣ, ಬೀಜ ಒಳಗಿಡು. ಗೂಡು ದಿಬ್ಬಕ್ಕ ಒಯ್ದಾಕಿ ನನ್ನ ಮೊಮ್ಮಗಳು. ನಾನು ಹೇಳಿದ್ದು ಲೆಕ್ಕಕ್ಕ ತಗೋಬ್ಯಾಡ್ರಿ’ ಎಂದ.

ಜಂಬಪ್ಪನ ಬಾಯಿ ನಿನಗೆ ಗೊತ್ತು. ‘ಮಗಳು ಮಾತು ಸರಿಸಿದ್ಲು, ಮೊಮ್ಮಗಳು ಗೂಡೇ ಸರಿಸಿದ್ಲು. ಮಂಚಿ ವಂಶಮೇ, ಚಲೋ ವಂಶ’ ಎಂದ. ಜನ ನಕ್ಕರು. ಮೂರು ವರ್ಷದ ಹಿಂದಿನ ನಗೆಯೇ.

ಅಪ್ಪ ಹೊರಟುಹೋಗಲಿಲ್ಲ. ‘ಜಂಬಣ್ಣ, ನಿನ್ನ ಮೊಮ್ಮಗ ಮೊಬೈಲ್‌ನ್ಯಾಗ ಬಟ್ಟು ಬಿಟ್ಟು ಬ್ಯಾರೆ ಏನರ ಸರಿಸ್ಯಾನೇನು?’ ಎಂದ. ಈ ಸಲ ಜನ ಇನ್ನೂ ಜೋರಾಗಿ ನಕ್ಕರು. ಹನುಮಣ್ಣ ಮಾತ್ರ ನಗಲಿಲ್ಲ, ಗೊಣಗುತ್ತ ಹಗ್ಗ ಸುತ್ತಿಕೊಂಡ. ಈಗ ಭೀಮಲಿಂಗಣ್ಣನ ಮಾತು ಕೇಳಬೇಕೋ, ಅವನ ಮೊಮ್ಮಗಳ ಮಾತು ಕೇಳಬೇಕೋ ಮೊದಲೇ ಹೇಳಿಬಿಡಿ ಎಂದ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡರೆ ಅದೂ ನನ್ನ ತಪ್ಪು. ಮರುದಿನ ಕೋಳಿ ಕೂಗುವಾಗ ಅಪ್ಪ ಜ್ಯೋತಿಯನ್ನು ಎಬ್ಬಿಸಿದ. ಒಂದು ಗೂಡು ಕೆಟ್ಟರೇನು, ಹೊಳೆದಂಡೆಯಲ್ಲಿ ಬೇರೆ ತೀತುವ ಇಲ್ಲವೇ, ಯಾರೂ ಮುಟ್ಟದ ಗೂಡು ನೋಡಿದರೆ ನಿಜ ತಿಳಿಯುತ್ತದೆ ಎಂದು ಹೊರಟ. ನನ್ನನ್ನೂ ಎಳೆದುಕೊಂಡು ಹೋದರು, ನೀರಿನ ಬಾಟಲಿ ಹೊರಲು. ಎರಡು ದಿನ ಅಲೆದೆವು. ಹುಡುಕುವುದರಲ್ಲಿ ಆತನಿಗಿಂತ ಅವಳು ಜಾಣೆ, ಅವಳಿಗಿಂತ ಆತ. ಹಕ್ಕಿ ಕುಂಟುವ ಹಾಗೆ ನಟಿಸಿ ಯಾವ ಕಡೆ ಎಳೆಯುತ್ತದೋ ಅದರ ಎದುರು ಕಡೆ ಹುಡುಕು ಎಂದು ಆತ ಹೇಳಿಕೊಟ್ಟ. ಮುಚ್ಚಿದ ಕಣ್ಣನ್ನು ಒಮ್ಮೆಲೇ ತೆರೆದರೆ ಮೊಟ್ಟೆ ಬೇಗ ಕಾಣುತ್ತವೆ ಎಂದು ಅವಳು ಹೇಳಿಕೊಟ್ಟಳು. ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಆದರೆ ಅಪ್ಪ ಹೊಲದ ನಡುವೆ ಕಣ್ಣು ಮುಚ್ಚಿ ನಿಂತಿದ್ದನ್ನು ನಾನು ನೋಡಿದೆ.

ಮೂರು ಗೂಡು ಸಿಕ್ಕವು. ಒಂದು ಹೊಳೆಯ ಮರಳಿನಲ್ಲಿ, ನೀರಿಗೆ ಹತ್ತಿರ. ಇನ್ನೊಂದು ಊರ ಮುಂದಿನ ಎತ್ತರದ ಗರಸು ನೆಲದಲ್ಲಿ. ಮೂರನೆಯದು ರಸ್ತೆಯ ಕೆಲಸಕ್ಕೆ ಸುರಿದ ಜಲ್ಲಿ ಗುಡ್ಡೆಯ ಮೇಲೆ.

ಅಪ್ಪ ಜಲ್ಲಿ ಗುಡ್ಡೆಯ ಎದುರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ. ‘ಒಂದು ಮ್ಯಾಲ ಇಟ್ಟೈತಿ, ಒಂದು ಕೆಳಗ ಇಟ್ಟೈತಿ. ಇವು ಮಳಿ ಬಗ್ಗೆ ತಮ್ಮೊಳಗ ಮಾತಾಡಿಕೊಂಡಿಲ್ಲ’ ಎಂದ.

ನಮ್ಮ ಹೊಲದ ಒಂದೇ ಗೂಡನ್ನು ಇಷ್ಟು ವರ್ಷ ನೋಡುತ್ತಿದ್ದನಂತೆ. ಬೇರೆಯದನ್ನು ಹುಡುಕಬೇಕು ಎಂದು ಅನ್ನಿಸಿಯೇ ಇರಲಿಲ್ಲವಂತೆ.

ಉದಯ


ಆದೋನಿ
ಜೂನ್ 4

ಉದಯ,

ನನ್ನ ಹಿಂದಿನ ಪತ್ರವನ್ನು ಒಲೆಗೆ ಹಾಕು. ಯಾರ ಮುಂದೆಯೂ ಓದಬೇಡ.

ಹನ್ನೆರಡಕ್ಕೆ ಶಾಲೆ ತೆರೆಯುತ್ತದೆ. ಹತ್ತನೆಯ ತಾರೀಖು ಜ್ಯೋತಿಯನ್ನು ದಸ್ತಗಿರಿಯ ಗಾಡಿಯಲ್ಲಿ ಮುಂದೆ ಕೂರಿಸಿ ಕಳಿಸು. ಬಟ್ಟೆ ಒಗೆಸಿ ಕಳಿಸು, ಜೇಬುಗಳನ್ನು ನೋಡಿ ಕಳಿಸು. ಹಿಕ್ಕೆ, ಹುಳ, ಗರಸು ಏನೂ ಬೇಡ.

ಅಪ್ಪ ಕಣ್ಣು ಮುಚ್ಚಿ ನಿಂತಿದ್ದನೆಂದು ಬರೆದಿದ್ದೀಯ. ಎಷ್ಟು ಹೊತ್ತು ನಿಂತಿದ್ದ? ಬಿಸಿಲಿತ್ತಾ? ತಲೆಗೆ ಏನಾದರೂ ಕಟ್ಟಿಕೊಂಡಿದ್ದನಾ? ಬರೆಯಬೇಕಾದದ್ದನ್ನು ನೀನು ಒಂದು ಸಲವೂ ಬರೆಯುವುದಿಲ್ಲ.

ಶಿವಲಕ್ಷ್ಮಿ


ನಾಗಲದಿನ್ನೆ
ಜೂನ್ 8

ಅಕ್ಕ,

ತಲೆಗೆ ಟವಲ್ಲು ಕಟ್ಟಿಕೊಂಡಿದ್ದ. ಆ ಟವಲ್ಲೇ.

ಮೊನ್ನೆ ದಿಬ್ಬದ ಮೇಲಿನ ಮೊಟ್ಟೆ ಒಡೆದು ಮೂರು ಮರಿ ಬಂದವು. ನಾಲ್ಕನೆಯದು ಒಡೆಯಲಿಲ್ಲ. ನಾವು ಸರಿಸಿದ್ದಕ್ಕೆ ಹಾಗಾಯಿತಾ ಎಂದು ಜ್ಯೋತಿ ಅಪ್ಪನನ್ನು ಕೇಳಿದಳು. ‘ಗೊತ್ತಿಲ್ಲವ್ವ’ ಎಂದ. ಆತನ ಬಾಯಲ್ಲಿ ಈ ಮಾತನ್ನು ನಾನು ಈ ಮೊದಲು ಕೇಳಿಲ್ಲ. ಮುಂದಿನ ವರ್ಷ ಸರಿಸದ ಗೂಡುಗಳಲ್ಲಿ ಎಷ್ಟು ಒಡೆಯುತ್ತವೆ ನೋಡೋಣ ಎಂದು ಇಬ್ಬರೂ ಮಾತು ಮಾಡಿಕೊಂಡಿದ್ದಾರೆ. ಬಾಟಲಿ ಹೊರುವವನನ್ನು ಯಾರೂ ಕೇಳಿಲ್ಲ.

ಮಳೆ ಇನ್ನೂ ಇಲ್ಲ. ಕಟ್ಟೆಯ ಮೇಲೆ ಕೇಳಿದವರಿಗೆ, ಬಂದಾಗ ಗೊತ್ತಾಗುತ್ತದೆ ಎನ್ನುತ್ತಾನೆ. ಹನುಮಣ್ಣನಿಗೆ ಇದು ಹಿಡಿಸಿಲ್ಲ. ತಪ್ಪೋ ಒಪ್ಪೋ, ಮೊದಲಿನ ಹಾಗೆ ಗಟ್ಟಿಯಾಗಿ ಒಂದು ಹೇಳು ಎಂದು ದಿನಾ ಗಂಟುಬೀಳುತ್ತಾನೆ.

ನಿನ್ನ ಆ ಪತ್ರವನ್ನು ಒಲೆಗೆ ಹಾಕಲು ಅವ್ವನಿಗೆ ಕೊಟ್ಟೆ. ಒಲೆಗೆ ಹಾಕುವ ಮುಂಚೆ ಇದರಲ್ಲೇನಿದೆ ಎಂದು ಕೇಳಿದಳು, ಹೇಳಿದೆ. ಅವ್ವನಿಗೆ ಹೇಳಿದ್ದು ಅಪ್ಪನಿಗೆ ಹೇಳಿದ ಹಾಗೆ ಎಂದು ನಿನಗೆ ಗೊತ್ತು. ಬಯ್ಯುವುದಿದ್ದರೆ ಬಯ್ಯಿ.

ಈಗ ಅಪ್ಪ ಎದುರಿಗೇ ಕೂತಿದ್ದಾನೆ. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆ, ಅಡ್ಡ ಏನೂ ಸೇರಿಸಬೇಡ ಎಂದಿದ್ದಾನೆ. ಬರೆಯುತ್ತಿದ್ದೇನೆ.

‘ಹುಡುಗಿನ್ನ ತರಕಾರಿ ಗಾಡ್ಯಾಗ ಕಳಸಂಗಿಲ್ಲ. ಆಕಿ ಏನು ಬದನಿಕಾಯಿ ಅಲ್ಲ. ಕರಕೊಂಡು ಹೋಗೋರು ಬಂದು ಕರಕೊಂಡು ಹೋಗ್ಲಿ.

‘ಮಾಡದ ತಪ್ಪು ಹೊರಾಕ ಹೊಂಟಿದ್ಲಂತ. ಹೊರೋದೇನು ಬ್ಯಾಡ. ಮಾಡಿದ್ದು ಒಂದೈತಿ, ಅದರ ಜಗಳ ಇನ್ನೂ ಮುಗಿದಿಲ್ಲ, ಅದನ್ನ ಬಂದು ಆಡ್ಲಿ. ಕಟ್ಟಿ ಮ್ಯಾಲ ಅಲ್ಲ, ಹೊಲದಾಗ.

‘ಮರಿ ಇನ್ನ ನಾಕು ದಿನ ದಿಬ್ಬದ ಸುತ್ತ ಇರ್ತಾವ, ಆಮ್ಯಾಲ ಹೊಳಿ ಕಡಿ ಹೋಕ್ಕಾವ. ತಾಯಿ ಒಂದು ಕೂಗು ಕೂಗಿದ್ರ ಕಲ್ಲಿನ ಹಂಗ ಕುಂತುಬಿಡ್ತಾವ, ಒಬ್ಬರ ಕಣ್ಣಿಗೆ ಕಾಣಂಗಿಲ್ಲ. ಎಲ್ಲಿ ನೋಡಬೇಕಂತ ನಾನು ತೋರಸ್ತೀನಿ.

‘ಬರುವಾಗ ಬಿಪಿ ಮಾತ್ರಿ ತರ್ಲಿ, ಮುಗದಾವ. ಯಮ್ಮಿಗನೂರಿನ ಅಂಗಡ್ಯಾಗ ಆ ಮಾತ್ರಿ ಸಿಗಂಗಿಲ್ಲ ಅಂತ ನನಗ ಮೊದಲಿಂದ ಗೊತ್ತೈತಿ.’

ಇಷ್ಟೇ. ಮುಗಿಯಿತಾ ಎಂದು ಕೇಳುವಷ್ಟರಲ್ಲಿ ಟವಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ಆದೋನಿಯ ಬಸ್ಸು ಈಗ ಎಷ್ಟು ಹೊತ್ತಿಗೆ ಬರುತ್ತದೆ ಎಂದು ದಸ್ತಗಿರಿಯನ್ನು ಕೇಳಲು ಹೋಗಿದ್ದಾನೆ.

ಉದಯ